ಗೋಡೆಗೆ ಮುಖ ಮಾಡಿದ ಕುರ್ಚಿಗಳು

ಬುಧವಾರ, ಮಧ್ಯಾಹ್ನ
ದಂತವೈದ್ಯೆಯ ಸೋಫಾದ ಕಾಲುಗಳಿಗೆ ಎರಡನೇ ಸಲ ಹಚ್ಚಿದ ಪಾಲಿಶ್ ಒಣಗುತ್ತಿರುವ ಹೊತ್ತು

ಪ್ರೀತಿಯ ಮೊಳೆ,

‘ಪ್ರೀತಿಯ’ ಎಂಬುದನ್ನು ಕೈ ತನ್ನಷ್ಟಕ್ಕೆ ತಾನೇ ಬರೆದುಬಿಟ್ಟಿತು. ಹೊಡೆದು ಹಾಕಿ ಹೊಸ ಹಾಳೆ ತೆಗೆದುಕೊಳ್ಳೋಣವೆಂದರೆ ನಿನ್ನಂಥವನಿಗಾಗಿ ಇನ್ನೊಂದು ಹಾಳೆ ದಂಡ ಮಾಡಲು ಮನಸ್ಸಿಲ್ಲ. ಇರಲಿ. ಅದೊಂದನ್ನು ಓದಿ ಮೆತ್ತಗಾಗಬೇಡ, ಮುಂದೆ ಇರುವುದೆಲ್ಲ ಬೈಗುಳವೇ.

ಫೋನಿನಲ್ಲೇ ಬೈಯಬಹುದಿತ್ತು. ನಿನ್ನೆ ಶುರು ಮಾಡಿಯೂ ಇದ್ದೆ. ಆದರೆ ನಾನು ಬಾಯಿ ತೆರೆದಾಗಲೆಲ್ಲ ನೀನು ಸಮಾಧಾನ ಅಕ್ಕಾ, ಸಮಾಧಾನ ಮಾಡ್ಕೋ ಅಂತ ಶುರು ಹಚ್ಚಿದೆ. ಸೂಜಿ ಚುಚ್ಚುವ ಮೊದಲು ಡಾಕ್ಟರುಗಳು ತೆಗೆಯುತ್ತಾರಲ್ಲ, ಥೇಟ್ ಅದೇ ಸ್ವರ. ಅದಕ್ಕೇ ಕೊನೆಗೆ ಫೋನ್ ಕುಕ್ಕಿದೆ. ಕಾಗದವೇ ಒಳ್ಳೆಯದು. ಇಲ್ಲಿ ನೀನು ನಡುವೆ ಬಾಯಿ ಹಾಕಲಾರೆ, ಪಕ್ಕದಲ್ಲಿ ನಿಂತ ಹೆಂಡತಿಗೆ ಕಣ್ಸನ್ನೆ ಮಾಡಿದರೂ ನನಗೆ ತಿಳಿಯುವುದಿಲ್ಲ.

ಮೊದಲು ಸೋಮವಾರದ ಕಥೆ ಕೇಳು. ಬೆಳಗ್ಗೆ ಬಾಗಿಲು ತೆಗೆದು ಇನ್ನೂ ಕಸ ಗುಡಿಸಿರಲಿಲ್ಲ, ಒಬ್ಬ ದಾಂಡಿಗ ಒಳಗೆ ಬಂದ. ಗಿರಾಕಿ ಅಂದುಕೊಂಡೆ. ಅವನು ನನ್ನನ್ನು ನೋಡಿ ಒಂದು ನಗು ನಕ್ಕು, ಜೇಬಿನಿಂದ ಅಳತೆ ಟೇಪು ತೆಗೆದು ನಮ್ಮ ಕುರ್ಚಿ ರಿಪೇರಿ ಅಂಗಡಿಯ ಗೋಡೆ ಅಳೆಯಲು ಶುರು ಮಾಡಿದ. ಏನಪ್ಪಾ ಇದು ಎಂದರೆ, ನೀವು ಖಾಲಿ ಮಾಡ್ತಿದ್ದೀರಂತಲ್ಲಾ ಮೇಡಂ, ಓಡೋ ಮಷಿನ್‌ಗಳನ್ನ ಕಿಟಕಿ ಪಕ್ಕ ಇಟ್ರೆ ಹೇಗಿರತ್ತೆ ಅಂತ ನೋಡ್ತಿದ್ದೆ ಅಂದ. ಅಲ್ಲಿ ಜಿಮ್ ಮಾಡುತ್ತಾನಂತೆ. ಅಪ್ಪನ ಕಿಟಕಿಯ ಹತ್ತಿರ, ಅಪ್ಪನ ಬೆಳಕಿನಲ್ಲಿ, ಊರಿನ ಡೊಳ್ಳುಹೊಟ್ಟೆಗಳೆಲ್ಲ ನಿಂತಲ್ಲೇ ಓಡಬೇಕಂತೆ! ಅವನದೇನೂ ತಪ್ಪಿಲ್ಲ, ಪಾಪ. ಆದರೂ ಗದರಿಸಿ ಕಳಿಸಿದೆ. ಟೇಪು ಇಲ್ಲೇ ಬಿಟ್ಟು ಹೋಗಿದ್ದಾನೆ. ವಾಪಸ್ ಕೊಡುವುದಿಲ್ಲ.

ಅಲ್ಲಿಂದ ನೇರ ಕಟ್ಟಡದ ಯಜಮಾನರ ಮನೆಗೆ ಹೋದೆ. ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, ಒಂದೊಂದೇ ಪದ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಮಾತಾಡಿದರು. ನನಗೇನು ಕಿವಿ ಕೇಳಿಸುವುದಿಲ್ಲವೇ? ನಿಮ್ಮ ತಮ್ಮ, ಎಲ್ಲಾ, ಹೇಳಿದಾರಮ್ಮಾ, ಈ ವಯಸ್ಸಲ್ಲಿ, ಇದೆಲ್ಲ, ಸಹಜ, ಅಂದರು. ಯಾವುದು ಸಹಜ ಸ್ವಾಮಿ ಎಂದು ಕೇಳಿದೆ. ಮರೆವು ಎಂದವರೇ, ಅಂಗಡಿ ಖಾಲಿ ಮಾಡುತ್ತೇವೆಂದು ನೀನು ಕಳಿಸಿದ ನೋಟಿಸು ತೋರಿಸಿದರು. ಬಾಡಿಗೆ ಕರಾರು ಇಬ್ಬರ ಹೆಸರಿನಲ್ಲೂ ಇದೆ, ಒಬ್ಬರು ಸಹಿ ಮಾಡಿದರೂ ಸಾಕು ಎಂಬುದು ನಿನಗೆ ಚೆನ್ನಾಗಿ ನೆನಪಿದೆ, ಶಹಬ್ಬಾಸ್. ಅಪ್ಪ ನಿನ್ನ ಹೆಸರು ಸೇರಿಸಿದ್ದು ನಾನು ಸುಸ್ತಾದ ದಿನ ನೀನು ಹೆಗಲು ಕೊಡಲಿ ಎಂದು. ನನ್ನ ಕಾಲ ಕೆಳಗಿನ ನೆಲ ಕೀಳಲಿ ಎಂದಲ್ಲ.

ಆ ನೋಟಿಸಿನ ಜೊತೆ ಇನ್ನೊಂದು ಕಾಗದ ಪಿನ್ನು ಹಾಕಿ ಇಟ್ಟಿದ್ದೆಯಲ್ಲ, ಅದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ನೀನು ನನ್ನ ಟ್ಯಾಬಿನಲ್ಲಿ ಮಾಡಿಕೊಟ್ಟ ಕೆಲಸದ ಪಟ್ಟಿಯ ವರದಿ. ಸಾಲು ಸಾಲಾಗಿ ನನ್ನ ಕುರ್ಚಿಗಳು, ಪ್ರತಿಯೊಂದರ ಮುಂದೆಯೂ ಕೆಂಪು ಅಕ್ಷರದಲ್ಲಿ ‘ಗಡುವು ಮೀರಿದೆ’. ಹದಿನೇಳು ಕೆಲಸ, ಹದಿನೇಳೂ ಕೆಂಪು. ಬಾಡಿಗೆಗೆ ಜಾಗ ಕೊಟ್ಟವರಿಗೆ ನನ್ನ ಮರ್ಯಾದೆಯ ಪಟ್ಟಿ ಕಳಿಸುವಾಗ ನಿನಗೆ ನಾಚಿಕೆ ಎಂಬುದು ಸ್ವಲ್ಪವೂ ಆಗಲಿಲ್ಲವೇ?

ಈಗ ನಿನಗೆ ಒಂದಿಷ್ಟು ಹಳೆಯದನ್ನು ನೆನಪು ಮಾಡಿಕೊಡಬೇಕು. ಮರೆವು ಯಾರಿಗೆ ಎಂದು ಆಮೇಲೆ ನೀನೇ ತೀರ್ಮಾನ ಮಾಡು.

ಅಪ್ಪ ಜೀವಮಾನದಲ್ಲಿ ಒಂದು ಚೀಟಿ ಬರೆದವರಲ್ಲ. ಗಿರಾಕಿಗಳ ಹೆಸರು, ದಿನ, ಯಾವುದನ್ನೂ ಎಲ್ಲೂ ಬರೆದಿಡಲಿಲ್ಲ. ಕೆಲಸವನ್ನು ಕುರ್ಚಿಯೇ ಹೇಳಬೇಕು ಎನ್ನುತ್ತಿದ್ದರು. ಬಾಗಿಲಿಗೆ ಮುಖ ಮಾಡಿದ ಕುರ್ಚಿ ಮನೆಗೆ ಹೊರಟಿದೆ. ಕಿಟಕಿಗೆ ಮುಖ ಮಾಡಿದ್ದು ಈಗ ಕೈಯಲ್ಲಿರುವುದು, ಅದು ಯಾವಾಗಲೂ ಒಂದೇ ಒಂದು ಇರಬೇಕು. ತಲೆಕೆಳಗಾಗಿ ಇಟ್ಟದ್ದರ ಕಾಯಿಲೆ ಇನ್ನೂ ಗೊತ್ತಾಗಿಲ್ಲ, ಅದರ ಬಗ್ಗೆ ಯೋಚನೆ ಮಾಡಬೇಕು. ಗೋಡೆಗೆ ಮುಖ ಮಾಡಿದ್ದು ಕಾಯುತ್ತಿದೆ: ಗೋಂದು ಹಿಡಿಯಲಿ ಎಂದೋ, ಪಾಲಿಶ್ ಒಣಗಲಿ ಎಂದೋ, ಬಟ್ಟೆ ಬರಲಿ ಎಂದೋ. ಅದನ್ನು ಯಾರೂ ಮುಟ್ಟಬಾರದು, ಅವಸರ ಮಾಡಬಾರದು, ಯಾವಾಗ ಎಂದು ಕೇಳಲೂಬಾರದು. ನಮ್ಮ ಕಸುಬಿನಲ್ಲಿ ಮುಕ್ಕಾಲು ಕೆಲಸ ಕಾಯುವುದೇ.

ಇದನ್ನು ನಿನಗೆ ಬೇರೆ ಹೇಳಬೇಕೇ? ಆರು ವರ್ಷದವನಿದ್ದಾಗ ಗೋಡೆಗಿಟ್ಟ ತೋಳುಕುರ್ಚಿಯ ಹಸಿ ಪಾಲಿಶ್ ಮೇಲೆ ಐದೂ ಬೆರಳು ಊರಿ, ಅಪ್ಪನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು ನೀನು. ಆ ತೋಳನ್ನು ಉಜ್ಜಿ ಉಜ್ಜಿ ಸರಿ ಮಾಡಿದವಳು ನಾನು. ನೀನು ಮೂಲೆಯಲ್ಲಿ ಕುಳಿತು ಬಾಯಲ್ಲಿ ಸಣ್ಣ ಮೊಳೆ ಕಚ್ಚಿಕೊಂಡು ಅಳುತ್ತಿದ್ದೆ. ಆವತ್ತಿನಿಂದ ನೀನು ಮೊಳೆ, ನಾನು ಸುತ್ತಿಗೆ. ಅಪ್ಪ ಇಟ್ಟ ಹೆಸರು ಸುಳ್ಳಾಗಲಿಲ್ಲ ನೋಡು.

ಆ ಪದ್ಧತಿ ನನಗೆ ಅಂಗಡಿಗಷ್ಟೇ ಅಲ್ಲ, ಮನೆಗೂ ಅದೇ. ಕರೆಂಟ್ ಬಿಲ್ ಕಟ್ಟುವುದಿದ್ದರೆ ಛತ್ರಿಯ ಹಿಡಿ ಬಾಗಿಲ ಕಡೆಗೆ ತಿರುಗಿರುತ್ತದೆ. ಯಾರಿಗಾದರೂ ಉತ್ತರ ಕೊಡುವುದೋ ಬೇಡವೋ ಎಂದು ಯೋಚಿಸುತ್ತಿದ್ದರೆ ಲೋಟ ಬೋರಲು. ನಿನ್ನ ಮದುವೆಗೆ ಮುಂಚೆ ಮೂರು ದಿನ ನಮ್ಮ ಮನೆಯಲ್ಲಿ ಲೋಟ ಬೋರಲಾಗಿತ್ತು ಎಂಬುದನ್ನು ನಿನ್ನ ಹೆಂಡತಿಗೆ ಹೇಳಬೇಡ. ಹೇಳಿದರೂ ಹೇಳು, ಈಗ ನನಗೇನು?

ಹೀಗಿದ್ದಾಗ ಹೋದ ವರ್ಷ ಗೋಂದಿನ ಪಾತ್ರೆ ಸುಟ್ಟಿತು. ಅದು ನಿಜ, ನಾನು ಇಲ್ಲ ಎನ್ನುವುದಿಲ್ಲ. ಒಲೆಯ ಮೇಲಿಟ್ಟು ಸ್ಯಾಂಡ್ ಪೇಪರ್ ತರಲು ಹೋಗಿದ್ದೆ, ಅಂಗಡಿಯವನ ಜೊತೆ ಮಾತಿಗೆ ನಿಂತೆ, ಬರುವಷ್ಟರಲ್ಲಿ ಬೀದಿಯೆಲ್ಲ ಹೊಗೆ. ಅಕ್ಕಪಕ್ಕದವರು ಬಕೆಟ್ ಹಿಡಿದು ಓಡಾಡುತ್ತಿದ್ದರು. ಒಂದು ಪಾತ್ರೆ ಸುಟ್ಟದ್ದಕ್ಕೆ ನೀನು ರಜೆ ಹಾಕಿ ಬಂದೆ. ಬಂದವನು ನಿಮ್ಮ ಲಾರಿ ಆಫೀಸಿನಲ್ಲಿ ಯಾವ ಲಾರಿ ಎಲ್ಲಿಗೆ ಯಾವಾಗ ಎಂದು ನೋಡಿಕೊಳ್ಳಲು ಇಟ್ಟುಕೊಂಡಿದ್ದೀರಲ್ಲ, ಆ ಕೆಲಸದ ಸಾಫ್ಟ್‌ವೇರ್ ತಂದು ನನ್ನ ಟ್ಯಾಬಿನಲ್ಲಿ ಹಾಕಿದೆ. ಕೆಲಸಗಳನ್ನು ತುಂಬಲು ಅದರ ಪರದೆಯಲ್ಲಿ ಮೂರೇ ಮನೆ ಇದ್ದವು: ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು. ನಾನು ನೋಡಿ, ಇದರಲ್ಲಿ ಗೋಡೆ ಎಲ್ಲಿದೆಯೋ ಎಂದು ಕೇಳಿದೆ.

ನಿಜ ಹೇಳುತ್ತೇನೆ, ಆ ನಾಲ್ಕು ದಿನ ನೀನು ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಅದನ್ನು ಬಿಚ್ಚಿ ಜೋಡಿಸಿದ್ದು ನೋಡಿ ನನಗೆ ಹೊಟ್ಟೆ ತುಂಬ ಸಂತೋಷವಾಗಿತ್ತು. ಹಳೆಯ ಹೆಸರುಗಳನ್ನೆಲ್ಲ ನೀನು ಅಳಿಸಿ ಗೋಡೆ, ಬಾಗಿಲು, ಕಿಟಕಿ, ತಲೆಕೆಳಗು ಎಂದು ಬರೆದೆ. ತುರ್ತು, ಅತಿ ತುರ್ತು ಎಂಬ ಬಾವುಟಗಳನ್ನು ಕಿತ್ತು ಹಾಕಿದೆ. ಕಿಟಕಿಯ ಮನೆಗೆ ಎರಡನೇ ಕುರ್ಚಿ ತಳ್ಳಿದರೆ ಅದು ಆಗುವುದಿಲ್ಲ ಎಂದು ಹಿಂದಕ್ಕೆ ತಳ್ಳುವ ಹಾಗೆ ಮಾಡಿದೆ. ನಾನು ಸುಮ್ಮಸುಮ್ಮನೆ ತಳ್ಳಿ, ಅದು ಬೇಡ ಬೇಡ ಎನ್ನುವುದನ್ನು ನೋಡಿ ಚಿಕ್ಕ ಹುಡುಗಿಯ ಹಾಗೆ ನಕ್ಕಿದ್ದೆ. ಅಪ್ಪನ ತಲೆಯನ್ನೇ ಆ ಹಲಗೆಯೊಳಗೆ ಕೂರಿಸಿದೆಯಲ್ಲೋ ಎಂದಿದ್ದೆ. ಆ ಮಾತು ಈಗ ವಾಪಸ್.

ಅಪ್ಪನ ಐದನೆಯ ಗುರುತು ನಿನಗೇ ನೆನಪಾಯಿತು. ಮೇಜಿನ ಮೇಲೆ ಎತ್ತಿಟ್ಟ ಕುರ್ಚಿ. ಅಂದರೆ ಇದರ ಬಗ್ಗೆ ನನಗೆ ಗೊತ್ತಿಲ್ಲ, ಯಾರನ್ನಾದರೂ ಕೇಳಬೇಕು ಎಂದು. ಕೊನೆಕೊನೆಗೆ ಅಪ್ಪನ ಮೇಜಿನ ಮೇಲೆ ಜಾಗವೇ ಇರುತ್ತಿರಲಿಲ್ಲ. ಅವರಿಗೇನೂ ಸಂಕೋಚವಿರಲಿಲ್ಲ, ಎತ್ತಿಟ್ಟು ತಮ್ಮ ಪಾಡಿಗೆ ಟೀ ಕುಡಿಯುತ್ತಿದ್ದರು. ನಾನು ಸಂಜೆ ಒಂದೊಂದನ್ನೇ ಇಳಿಸುತ್ತ, ಇದು ಟೈಲರದ್ದು ಅಪ್ಪ, ಇದು ಪೋಸ್ಟ್ ಮಾಸ್ಟರದ್ದು ಎಂದು ಹೇಳುತ್ತಿದ್ದೆ. ಹೌದಲ್ಲ ಎನ್ನುತ್ತಿದ್ದರು. ಅದಕ್ಕೊಂದು ಮನೆ ಹಾಕಲೇ ಅಕ್ಕಾ ಎಂದು ನೀನು ಕೇಳಿದೆ. ಬೇಡ, ನಾನು ಹುಟ್ಟಿದಾಗಿನಿಂದ ಒಂದು ಕುರ್ಚಿ ಮೇಜಿನ ಮೇಲೆ ಇಟ್ಟವಳಲ್ಲ, ಸುಮ್ಮನೆ ಜಾಗ ದಂಡ ಎಂದೆ. ನಾಲ್ಕೇ ಮನೆ ಇಟ್ಟೆವು.

ಆಮೇಲೆ ಆ ತಾರೀಖಿನ ವಿಷಯ. ಇಲ್ಲಿ ಕಿವಿ ಕೊಟ್ಟು ಕೇಳು. ಗಡುವು ಎಂಬ ಒಂದು ಖಾನೆ ಇತ್ತು. ನಮಗೆ ಗಡುವು ಬೇಡ, ತೆಗೆದು ಹಾಕು ಎಂದೆ. ನೀನು ಬಹಳ ಹೊತ್ತು ಒದ್ದಾಡಿದೆ, ಆ ಖಾನೆ ಖಾಲಿ ಬಿಡಲು ಅದು ಒಪ್ಪಲಿಲ್ಲ. ಲಾರಿಗಳಿಗೆ ಮಾಡಿದ್ದು ತಾನೇ, ಲಾರಿ ತಾರೀಖಿಲ್ಲದೆ ಹೊರಡುತ್ತದೆಯೇ? ಕೊನೆಗೆ ನೀನೇ ಒಂದು ಉಪಾಯ ಮಾಡಿದೆ. ಹೊಸ ಕುರ್ಚಿ ಸೇರಿಸಿದ ದಿನದ ತಾರೀಖನ್ನೇ ಗಡುವು ಎಂದು ಅದು ತಾನಾಗಿ ತುಂಬಿಕೊಳ್ಳುವ ಹಾಗೆ ಮಾಡಿದೆ. ದಿನ ದಾಟಿದರೆ ಬರುವ ಆ ಕೆಂಪು ನನ್ನ ಕಣ್ಣಿಗೆ ಬಿದ್ದರೆ ನಾನು ಹೆದರುತ್ತೇನೆಂದು ನನ್ನ ಪರದೆಯಲ್ಲಿ ಬಣ್ಣವೇ ಕಾಣದ ಹಾಗೆ ಮಾಡಿದೆ. ಅದನ್ನ ತಲೆಗೆ ಹಚ್ಕೋಬೇಡ ಅಕ್ಕಾ, ಅದು ಸುಮ್ನೆ ಇರತ್ತೆ ಅಂದೆ. ನಿನ್ನ ಬಾಯಿಂದ ಬಂದ ಮಾತು, ಆ ಸ್ಟೂಲಿನ ಮೇಲೆ ಕೂತು ಆಡಿದ ಮಾತು.

ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ನೀನೋ, ಮಾಡಿದ್ದನ್ನೇ ಮರೆತೆ. ನಿನ್ನ ಕಡೆಯ ಪರದೆಯಲ್ಲಿ ಬಣ್ಣ ತೆಗೆದಿರಲಿಲ್ಲವಲ್ಲ, ಸೋಮವಾರ ಸೋಮವಾರ ನಿನಗೆ ವರದಿ ಬಂತು. ಬರುತ್ತದೆ ಎಂದು ನನಗೆ ಒಂದು ಮಾತು ಹೇಳಿರಲಿಲ್ಲ, ಅದು ಬೇರೆ ಪುರಾಣ. ಬೆಳಗ್ಗೆ ಬಂದ ಕುರ್ಚಿ ಮಾರನೇ ದಿನಕ್ಕೆ ಗಡುವು ಮೀರಿದ್ದು! ಗೋಡೆಗಿಟ್ಟ ಒಂದೊಂದು ಕುರ್ಚಿಯೂ, ಅಪ್ಪ ಹೇಳಿದ ಹಾಗೆ ಸರಿಯಾಗಿ ಕಾಯುತ್ತಿರುವ ಒಂದೊಂದೂ, ನಿನ್ನ ಕಣ್ಣಿಗೆ ನನ್ನ ತಲೆ ಕೆಟ್ಟದ್ದಕ್ಕೆ ಸಾಕ್ಷಿಯಾಯಿತು. ತಿಂಗಳುಗಟ್ಟಲೆ ಅದನ್ನು ನೋಡುತ್ತ, ಹೆಂಡತಿಯ ಹತ್ತಿರ ಅಕ್ಕನಿಗೆ ಹೀಗಾಯಿತಲ್ಲ ಎಂದು ಕೊರಗುತ್ತ, ಯಾರೋ ಡಾಕ್ಟರನ್ನು ವಿಚಾರಿಸುತ್ತ, ನೋಟಿಸು ಬರೆಯುತ್ತ, ಅಷ್ಟೆಲ್ಲ ಮಾಡಿದವನಿಗೆ ಒಂದು ಸಲ ಫೋನ್ ಮಾಡಿ ದಂತವೈದ್ಯೆಯ ಸೋಫಾ ಏನಾಯಿತು ಅಕ್ಕಾ ಎಂದು ಕೇಳಲು ನಾಲಿಗೆ ಹೊರಳಲಿಲ್ಲ. ಪ್ರತಿ ಭಾನುವಾರ ಮಾತಾಡುತ್ತಿದ್ದೆವು. ಊಟ ಆಯ್ತಾ, ನಿದ್ದೆ ಬರುತ್ತಾ, ಮಾತ್ರೆ ತಗೊಂಡ್ಯಾ. ಕುರ್ಚಿಗಳ ಸುದ್ದಿ ಒಂದೂ ಇಲ್ಲ. ಆಗ ನನಗೆ ತಮ್ಮನಿಗೆ ಎಷ್ಟು ಅಕ್ಕರೆ ಎನಿಸುತ್ತಿತ್ತು. ನೀನು ನನ್ನ ತಲೆ ಪರೀಕ್ಷೆ ಮಾಡುತ್ತಿದ್ದೆ ಎಂದು ಈಗ ಗೊತ್ತಾಯಿತು.

ನಂಬಿಕೆ ಬರದಿದ್ದರೆ ನೋಡು, ನಿನ್ನೆ ಒಂದು ಹೊಸ ಕೆಲಸ ಸೇರಿಸಿದ್ದೇನೆ. ‘ನನ್ನ ತಮ್ಮನ ಬುದ್ಧಿ’ ಎಂದು ಹೆಸರು. ತಲೆಕೆಳಗಿನ ಮನೆಯಲ್ಲಿಟ್ಟಿದ್ದೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅದು ನಿನ್ನ ಕಡೆ ಕೆಂಪಗೆ ಹೊಳೆಯುತ್ತಿರುತ್ತದೆ. ಅದನ್ನೂ ಪ್ರಿಂಟ್ ತೆಗೆದು ಯಜಮಾನರಿಗೆ ಕಳಿಸು.

ಈಗ ಆ ಕೆಂಪುಗಳ ಲೆಕ್ಕ ಒಪ್ಪಿಸುತ್ತೇನೆ. ದಂತವೈದ್ಯೆಯ ಸೋಫಾಕ್ಕೆ ಸ್ಪ್ರಿಂಗು ಬಂದದ್ದೇ ಶುಕ್ರವಾರ, ಈಗ ಪಾಲಿಶ್ ಒಣಗುತ್ತಿದೆ. ಲೈಬ್ರರಿಯ ಕುರ್ಚಿಗಳು ಎಲ್ಲ ಸೇರಿ ಎಂಟು, ಎಂಟೂ ಸಿದ್ಧವಾಗಿವೆ. ಅಲ್ಲಿ ಬಣ್ಣ ಬಳಿಯುತ್ತಿದ್ದಾರೆ, ಮುಗಿಯುವವರೆಗೆ ನಿಮ್ಮಲ್ಲೇ ಇರಲಿ ಎಂದು ಲೈಬ್ರರಿಯಾಕೆ ಕೈ ಮುಗಿದು ಹೋಗಿದ್ದಾರೆ. ಊಟದ ಮೇಜಿನ ಕುರ್ಚಿಗಳು ನಾಲ್ಕು, ಹೊಸದಾಗಿ ಮದುವೆಯಾದ ಇಬ್ಬರದು. ಗಂಡನಿಗೆ ಹಸಿರು ಬಟ್ಟೆ ಬೇಕು, ಹೆಂಡತಿಗೆ ನೀಲಿ. ಒಂದು ವಾರ ಅವಳು ಬಂದು ನೀಲಿ ಎನ್ನುತ್ತಾಳೆ, ಮರುವಾರ ಅವನು ಒಬ್ಬನೇ ಬಂದು ಗುಟ್ಟಾಗಿ ಹಸಿರು ಎನ್ನುತ್ತಾನೆ. ಆ ನಾಲ್ಕು ಕುರ್ಚಿ ಗೋಡೆ ನೋಡುತ್ತಿರುವುದು ನನ್ನ ಮರೆವಿನಿಂದಲ್ಲ, ಅವರ ಸಂಸಾರದಿಂದ. ಹೆಡ್‌ಮಾಸ್ಟರ ತೂಗುಕುರ್ಚಿಗೆ ಬೆತ್ತ ನೆನೆಯುತ್ತಿದೆ, ಬೆತ್ತ ಹೆಣೆಯುವಾಕೆ ನಾಳೆ ಬರುತ್ತಾಳೆ. ಹೋದ ವಾರ ಅವಳ ಮಗಳಿಗೆ ಜ್ವರವಿತ್ತು. ಫೋಟೋ ಸ್ಟುಡಿಯೋದವರ ಬೆಂಚಿಗೆ ಗೋಂದು ಹಾಕಿ ಬಿಗಿದಿದ್ದೇನೆ.

ಪಿಯಾನೋ ಟೀಚರಮ್ಮನ ಸ್ಟೂಲು ತಲೆಕೆಳಗಾಗಿದೆ, ಒಪ್ಪುತ್ತೇನೆ. ಅದು ಆಕೆ ಕೂತರೆ ಕಿರ್ ಎನ್ನುತ್ತದೆ, ನಾನು ಕೂತರೆ ತೆಪ್ಪಗಿರುತ್ತದೆ. ಎರಡು ಸಲ ಬಿಚ್ಚಿ ಜೋಡಿಸಿದೆ. ಹೋದ ಮಂಗಳವಾರ ಆಕೆಯನ್ನೇ ಕರೆಸಿ, ಪಿಯಾನೋ ಇಲ್ಲದಿದ್ದರೂ ನುಡಿಸುವ ಹಾಗೆ ಕೈ ಆಡಿಸಿ ಎಂದೆ. ಪಾಪ, ಅಂಗಡಿಯ ನಡುವೆ ಕೂತು ಗಾಳಿಯಲ್ಲಿ ಬೆರಳಾಡಿಸಿದರು. ಬಲಕ್ಕೆ ವಾಲಿದಾಗ ಮಾತ್ರ ಶಬ್ದ ಬಂತು. ಕಾಯಿಲೆ ಸಿಕ್ಕಿತು ಅಂದುಕೊಳ್ಳುತ್ತೇನೆ. ತಲೆ ಕೆಟ್ಟವಳು ಮಾಡುವ ಕೆಲಸವೇ ಇದು?

ಬೆರಳು ಮಡಿಸಿ ಎಣಿಸುತ್ತಿರುತ್ತೀಯ, ಗೊತ್ತು. ಒಂದು ಉಳಿಯಿತು, ಆ ಚಿಕ್ಕ ತೋಳುಕುರ್ಚಿ. ನಿನ್ನೆ ಫೋನಿನಲ್ಲಿ ನೀನು ಎಲ್ಲಕ್ಕಿಂತ ಮೊದಲು ಅದನ್ನೇ ಕೇಳಿದೆ, ಯಾರದಕ್ಕಾ ಅದು, ಹೆಸರೇ ಹಾಕಿಲ್ಲ ಅಂತ. ಗಿರಾಕಿ ಊರಲ್ಲಿಲ್ಲ ಎಂದು ಆಗಲೇ ಹೇಳಿದ್ದೇನೆ. ಅದನ್ನು ಮತ್ತೆ ಮತ್ತೆ ಕೆದಕಬೇಡ.

ಇಷ್ಟು ಬರೆದ ಮೇಲೆ ಸಿಟ್ಟು ಇಳಿಯಬೇಕಿತ್ತು, ಇಳಿದಿಲ್ಲ. ಎದ್ದು ಹೋಗಿ ಸೋಫಾದ ಕಾಲು ಮುಟ್ಟಿ ನೋಡಿ ಬಂದೆ, ಇನ್ನೂ ಅಂಟುತ್ತಿದೆ. ನನಗೆ ಯಾವುದು ಹೆಚ್ಚು ನೋವಾಯಿತು ಗೊತ್ತೇ? ನೋಟಿಸಲ್ಲ. ಅದು ಒಂದು ಸಹಿ, ಇನ್ನೊಂದು ಸಹಿಯಿಂದ ಹೋಗುತ್ತದೆ. ಜಗತ್ತಿನಲ್ಲಿ ಗೋಡೆಗಿಟ್ಟ ಕುರ್ಚಿ ನೋಡಿ, ಇದು ಕಾಯುತ್ತಿದೆ ಎಂದು ತಿಳಿಯುವವರು ಅಪ್ಪ ಹೋದ ಮೇಲೆ ಇಬ್ಬರೇ ಉಳಿದಿದ್ದೆವು. ಈಗ ಅದರಲ್ಲೂ ಒಬ್ಬ ಆ ಕುರ್ಚಿ ನೋಡಿ, ಇದನ್ನು ಮರೆತಿದ್ದಾರೆ ಎನ್ನುತ್ತಾನೆ. ಬೇರೆ ಯಾರು ಹಾಗೆಂದಿದ್ದರೂ ನಾನು ಮುಸುಡಿ ತಿರುಗಿಸಿ ಪಾಲಿಶ್ ಹಚ್ಚುತ್ತಿದ್ದೆ. ನೀನು ಅಂದದ್ದಕ್ಕೆ ಕೆಲಸ ಬಿಟ್ಟು ಈ ಕಾಗದ ಬರೆಯುತ್ತ ಕೂತಿದ್ದೇನೆ.

ನಿನ್ನೆ ನಿನ್ನ ಹೆಂಡತಿ ನಡುವೆ ಫೋನ್ ಕಿತ್ತುಕೊಂಡು ಹೇಳಿದಳಲ್ಲ, ನಮ್ಮ ಮನೇಲೇ ಇದ್ದುಬಿಡಿ ಅತ್ತಿಗೆ, ಆರಾಮಾಗಿ ಟಿವಿ ನೋಡ್ಕೊಂಡು ಇರಿ ಎಂದು. ಅವಳ ಮನಸ್ಸು ಒಳ್ಳೆಯದು, ನನಗೆ ಗೊತ್ತು. ಅವಳಿಗೆ ನನ್ನ ಆಶೀರ್ವಾದ ತಿಳಿಸು, ಜೊತೆಗೆ ಇದನ್ನೂ ಹೇಳು: ಬೆಳಗ್ಗೆ ಎದ್ದು ನನ್ನ ಕೈಗೆ ಹಿಡಿಯಲು ಒಂದು ಮುರಿದ ಕುರ್ಚಿ ಬೇಕು. ಅದಿಲ್ಲದಿದ್ದರೆ ನಾನು ನಿಮ್ಮ ಮನೆಯ ಗಟ್ಟಿಮುಟ್ಟಾದ ಕುರ್ಚಿಗಳನ್ನೇ ಮುರಿಯಲು ಶುರು ಮಾಡುತ್ತೇನೆ. ತಮಾಷೆ ಅಂದುಕೊಳ್ಳಬೇಡಿ. ಕೆಲಸ ಬಿಡಿಸಿ ಕೂರಿಸಿದರೆ ಆವತ್ತೇ ನಾನು ನಿಜವಾಗಿ ಎಲ್ಲ ಮರೆಯುತ್ತೇನೆ.

ಆದ್ದರಿಂದ ನೀನು ಮಾಡಬೇಕಾದದ್ದು ಇಷ್ಟು. ಈ ಕಾಗದ ಸಿಕ್ಕ ದಿನವೇ ನೋಟಿಸು ವಾಪಸ್ ತಗೊಂಡೆ ಎಂದು ಯಜಮಾನರಿಗೆ ಬರೆದು ತಿಳಿಸು. ಅಕ್ಕನಿಗೆ ಮರೆವು ಎಂದದ್ದು ನನ್ನ ತಪ್ಪು ಲೆಕ್ಕ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆ. ಇನ್ನು ಮುಂದೆ ಅವರು ನನ್ನ ಹತ್ತಿರ ಎಲ್ಲರ ಹತ್ತಿರ ಮಾತಾಡುವ ಹಾಗೆ ಮಾತಾಡಲಿ. ಆ ತಾರೀಖಿನ ಖಾನೆಗೆ ಏನಾದರೂ ಗತಿ ಕಾಣಿಸು. ಆಗದಿದ್ದರೆ ನೂರು ವರ್ಷ ಮುಂದಿನ ತಾರೀಖು ತುಂಬು, ಆಗ ನೋಡೋಣ ಗಡುವು ಹೇಗೆ ಮೀರುತ್ತದೆಂದು. ಸೋಮವಾರದ ವರದಿ ನಿಲ್ಲಿಸು. ನನ್ನ ಸುದ್ದಿ ಬೇಕಿದ್ದರೆ ನನ್ನನ್ನೇ ಕೇಳು.

ಇಷ್ಟಾಗುವವರೆಗೆ ನಾನು ನಿನ್ನ ಫೋನ್ ಎತ್ತುವುದಿಲ್ಲ. ಭಾನುವಾರವೂ ಎತ್ತುವುದಿಲ್ಲ. ನೀನು ಸದ್ಯಕ್ಕೆ ಗೋಡೆಗೆ ಮುಖ ಮಾಡಿ ಕೂತಿರು.

ಇನ್ನೂ ಕುದಿಯುತ್ತಿರುವ,
ನಿನ್ನ ಅಕ್ಕ
ಸುತ್ತಿಗೆ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿ ಮುಗಿಸಿದ್ದೆ, ಮತ್ತೆ ಬಿಚ್ಚಿದೆ. ಒಂದು ಅಂಚು ಹರಿದಿದ್ದರೆ ಅದಕ್ಕೆ.

ಆ ಚಿಕ್ಕ ತೋಳುಕುರ್ಚಿಯ ಗಿರಾಕಿ ಊರಲ್ಲಿಲ್ಲ ಎಂದದ್ದು ಸುಳ್ಳು. ಅದು ಯಾರದೋ ನನಗೆ ಗೊತ್ತಿಲ್ಲ ಕಣೋ. ಅದು ಹೇಗೆ ಬಂತು, ಯಾರು ತಂದರು, ಒಂದೂ ನೆನಪಿಲ್ಲ. ಒಂದು ದಿನ ಕಸ ಗುಡಿಸುವಾಗ ಗೋಡೆಯ ಹತ್ತಿರ ಇತ್ತು. ಪಟ್ಟಿಯಲ್ಲಿ ನೋಡಿದರೆ ನಾನೇ ಸೇರಿಸಿದ್ದೇನೆ, ‘ಗೋಡೆಗೆ. ಜೋಪಾನ.’ ಎಂದು ನಾನೇ ಬರೆದಿದ್ದೇನೆ. ಬೆತ್ತದಾಕೆಯನ್ನು ಹಗುರವಾಗಿ ವಿಚಾರಿಸಿದೆ. ನೀವೇ ತಂದ್ರಲ್ಲ ಅಕ್ಕಾ, ಯಾರದು ಅಂತ ನಾನು ಕೇಳಿದ್ದಕ್ಕೆ ನಕ್ಕು ಸುಮ್ನಾದ್ರಿ ಅಂದಳು. ಬೋರಲು ಹಾಕಿ ನೋಡಿದೆ. ಸೀಟಿನ ಕೆಳಗೆ ಬಟ್ಟೆಯ ಪಟ್ಟಿ ಬಿಗಿದಿರುವ ರೀತಿ, ಮೊಳೆ ಹೊಡೆದಿರುವ ಸಾಲು, ಎಲ್ಲ ನನ್ನ ಕೈಯದೇ. ಕೆಲಸ ಚೆನ್ನಾಗಿದೆ. ಮಾಡಿದ್ದು ಮಾತ್ರ ನನಗೆ ನೆನಪಿಲ್ಲ. ಎಷ್ಟೋ ದಿನದಿಂದ ಯಾರಾದರೂ ಬಂದು ನನ್ನ ಕುರ್ಚಿ ಆಯ್ತಾ ಎನ್ನಲಿ ಎಂದು ಬಾಗಿಲು ನೋಡುತ್ತಿದ್ದೇನೆ. ಯಾರೂ ಬಂದಿಲ್ಲ. ನನಗೆ ಭಯವಾಗುತ್ತಿದೆ.

ನಿನ್ನ ಮೇಲಿನ ಸಿಟ್ಟು ಹಾಗೇ ಇದೆ, ಹದಿನಾರು ಕುರ್ಚಿಯ ಸಿಟ್ಟು. ನೋಟಿಸು ವಾಪಸ್ ತಗೋ. ಮೇಜು ತುಂಬಿದ ಮೇಲೂ ಅಪ್ಪ ಅಂಗಡಿ ನಡೆಸಿದರು. ಅವರಿಗೆ ಸಂಜೆ ಬಂದು ಇದು ಇಂಥವರದು ಎಂದು ಹೇಳುವವರಿದ್ದರು, ಅಷ್ಟೇ.

ಆ ಐದನೆಯ ಮನೆ ಸೇರಿಸಿಬಿಡು. ಸೇರಿಸಲು ನೀನೇ ಬಾ. ಈಗಷ್ಟೇ ಆ ಕುರ್ಚಿಯನ್ನು ಎತ್ತಿ ಮೇಜಿನ ಮೇಲೆ ಇಟ್ಟೆ. ಬಾಗಿಲು ದಾಟಿದ ಕೂಡಲೇ ಕಾಣುತ್ತದೆ.